ಹುಳುಮನೆಯ ಪರದೆ

ಸೆಪ್ಟೆಂಬರ್ 11, ಬುಧವಾರ. ಮಧ್ಯಾಹ್ನ 2
ಎರಡನೇ ಸೊಪ್ಪು ಹಾಕಿದ್ದಾಯಿತು. ರೇಷ್ಮೆ ಹುಳುಗಳಿಗೆ ನಾಲ್ಕನೇ ಜ್ವರ ಕಳೆದು, ಪೊರೆ ಬಿಟ್ಟು ಎದ್ದು ಹಸಿವೋ ಹಸಿವು. ಸೊಸೆ ಕವಿತ ತೋಟದಲ್ಲಿ ಕೊಯ್ದಳು, ನಾನೊಬ್ಬಳೇ ಹೊತ್ತು ತಂದು ಹರಡಿದೆ. ಸೊಂಟ ನನ್ನದಲ್ಲ. ಸೋಮವಾರ ಬೆಂಗಳೂರಿಗೆ ಹೋದ ಮಗ ನಂದೀಶ, ಮೊಮ್ಮಗಳು ಸಿಂಧು ಇವತ್ತು ರಾತ್ರಿ ಬರುತ್ತಾರೆ. ಡಾಕ್ಟರು ಅವಳಿಗೆ ಏನೇನೋ ಟೆಸ್ಟ್ ಮಾಡಿದರಂತೆ. ಎಂಟನೇ ಕ್ಲಾಸು... ದಿನಕ್ಕೊಂದು ಪೆನ್ನು ಕಳೆಯುತ್ತಾಳೆ.

ಸೆ. 12, ಗುರುವಾರ
ಎ.ಡಿ.ಎಚ್.ಡಿ. ಅಂತೆ. ಗಮನ ನಿಲ್ಲದ ತೊಂದರೆ. ಸೋಮಾರಿತನ ಅಲ್ಲ, ಬೈಯಬೇಡಿ, ಪಾಠ ತುಂಡು ತುಂಡಾಗಿ ಕೊಡಿ ಅಂದರಂತೆ. ಕವಿತ ಚೀಟಿ ಮಡಚಿಟ್ಟಳು. "ಮರೆವಿಗೂ ಒಂದು ಇಂಗ್ಲಿಷ್ ಹೆಸ್ರು ಸಿಕ್ತು ಬಿಡಿ."
ಸಂಜೆ ಸಿಂಧು ನನ್ನ ಜೊತೆ ಸೊಪ್ಪು ಹಾಕಿದಳು. ಪಾಠಕ್ಕೆ ಹತ್ತು ನಿಮಿಷ ಕೂರದವಳು ಹುಳು ನೋಡುತ್ತಾ ಒಂದು ಗಂಟೆ ಕೂತಳು.

ಸೆ. 13, ಶುಕ್ರವಾರ. ಬೆಳಗ್ಗೆ
ಹುಳುಗಳ ಮೈಮೇಲೆ ಕಪ್ಪು ಮಚ್ಚೆ. ಊಜಿ ನೊಣ ನುಗ್ಗಿ ಮೊಟ್ಟೆ ಇಟ್ಟಿದೆ. ಅರ್ಧಕ್ಕರ್ಧ ಹೋಯಿತು. ಬಾಗಿಲ ಪರದೆ ಬಿಗಿಯಾಗಿದ್ದರೆ ಒಂದು ನೊಣವೂ ಬಾರದು.
"ನೆನ್ನೆ ಪರದೆ ಎತ್ತಿ ಬಿಟ್ಟಿದ್ದು ಯಾರೇ?" ಕವಿತ ಕೂಗಿದಳು.
ಸಿಂಧು ಹಲ್ಲುಜ್ಜುತ್ತಿದ್ದಳು. "ನಾನೇ ಇರ್ಬೇಕಮ್ಮ. ನೆನಪಿಲ್ಲ. ನಾನೇ ಅಲ್ವಾ ಯಾವಾಗ್ಲೂ?"
"ದಸರಾ ರಜ ಮುಗುದ್ಮೇಲೆ ಹಾಸ್ಟೆಲ್ನಾಗಿದ್ದು ಓದ್ಲಿ. ಸೋಮವಾರ ದೊಡ್ಡಬಳ್ಳಾಪುರಕ್ಕೆ ಹೋಗಿ ಫಾರಂ ಕೊಟ್ಟು ಬರ್ತೀನಿ."
ನಾನೂ ನಂಬಿಬಿಟ್ಟೆ.

ಸೆ. 15, ಭಾನುವಾರ. ಬೆಳಗ್ಗೆ 7
ಎರಡು ದಿನದಿಂದ ಕವಿತ ಮಗಳ ಹೆಸರು ಹಿಡಿದು ಕರೆದಿಲ್ಲ. "ಅವಳಿಗೆ ಊಟಕ್ಕೆ ಹೇಳಿ ಅತ್ತೆ" ಎನ್ನುತ್ತಾಳೆ, ಮಗು ಎದುರಿಗೇ ಇರುತ್ತದೆ.
ಸತ್ತ ಹುಳು ಆರಿಸುತ್ತಾ ಬೆರಳು ಮಡಿಸಿದೆ. ಮೊಟ್ಟೆ ಇಟ್ಟ ಎರಡು ದಿನಕ್ಕೆ ಮಚ್ಚೆ. ಶುಕ್ರವಾರ ಮಚ್ಚೆ ಅಂದರೆ ನೊಣ ಬಂದದ್ದು ಬುಧವಾರ. ಬುಧವಾರ ಹಗಲು ಸಿಂಧು ಊರಲ್ಲೇ ಇರಲಿಲ್ಲ!
ಕವಿತಳಿಗೂ ಈ ಲೆಕ್ಕ ಬರುತ್ತದೆ. ಕೋಪದಲ್ಲಿ ಎಣಿಸಲಿಲ್ಲ. ತಪ್ಪು ಹೊರಿಸಲು ಒಂದು ತಲೆ ಸಿದ್ಧವಾಗಿತ್ತು.
ಬುಧವಾರ... ಎರಡೂ ಕೈಲಿ ಸೊಪ್ಪಿನ ಹೊರೆ. ಪರದೆಯನ್ನು ಮೊಳೆಗೆ ಸಿಕ್ಕಿಸಿದೆ. ಸೊಪ್ಪು ಹರಡುವಷ್ಟರಲ್ಲಿ ಅನುಗೊಂಡನಹಳ್ಳಿಯಿಂದ ತಂಗಿಯ ಫೋನು. ಮಾತಾಡುತ್ತಲೇ ಮನೆಗೆ ಬಂದೆ. ಸಂಜೆ ಹೋದಾಗ ಪರದೆ ಮೊಳೆಯಲ್ಲೇ ಇತ್ತು. ಇಳಿಬಿಟ್ಟೆ, ಮರೆತೆ. ನಾನೇ.
ಸೊಸೆ ಮುಂದೆ ತಲೆ ತಗ್ಗಿಸಬೇಕು. ತಗ್ಗಿಸುತ್ತೇನೆ. ಇವತ್ತೇ.

ಅದೇ ದಿನ, 11 ಗಂಟೆ
ಹೇಳಿದೆ. ತಿಂಡಿ ಹೊತ್ತಲ್ಲಿ, ಎಲ್ಲರೆದುರು.
ನಂದೀಶ: "ಹೋಗ್ಲಿ ಬಿಡಮ್ಮ, ವಯಸ್ಸಾಯ್ತಲ್ಲ."
"ನಾನು ಮರೆತ್ರೆ ವಯಸ್ಸು, ಅವಳು ಮರೆತ್ರೆ ಹಾಸ್ಟೆಲ್ಲೇನೋ?"
"ಅಜ್ಜಿ, ನಿಂಗೂ ಒಂದು ಫಾರಂ ತರಿಸ್ಲಾ?" ಎಂದಳು ಸಿಂಧು. ಆಮೇಲೆ ಮೆಲ್ಲಗೆ, "ನಿಜ್ವಾಗ್ಲೂ ನಾನಲ್ವಾ?" ಎರಡು ಸಲ ಕೇಳಿದಳು.
ಕವಿತ ತಟ್ಟೆ ಬಿಟ್ಟು ಹುಳುಮನೆಗೆ ಹೋದಳು. ಫಾರಂ ಟಿವಿ ಮೇಲೆ ಹಾಗೇ ಇದೆ. ನಾಳೆ ಅದನ್ನು ಹಿಡಿದು ಹೊರಟರೆ ಹೊಸ್ತಿಲಲ್ಲಿ ಕೂರುತ್ತೇನೆ, ದಾಟಲಿ ನೋಡೋಣ. ಮಗನ ಪುಸ್ತಕ ನೋಡಿ ಮೂವತ್ತರಲ್ಲಿ ಅಕ್ಷರ ಕಲಿತವಳು ನಾನು. ಸಿಂಧು ಜೊತೆ ದಿನವೂ ಕೂರುತ್ತೇನೆ. ಅರ್ಧ ಪುಟ ಓದು, ಎದ್ದು ಒಂದು ಸುತ್ತು, ಮತ್ತೆ ಅರ್ಧ ಪುಟ...
ಕವಿತ ಕೂಗುತ್ತಿದ್ದಾಳೆ. ನನ್ನನ್ನಲ್ಲ.
"ಸಿಂಧೂ... ಸೊಪ್ಪು ತಗೊಂಬಾರೇ!"
ಓಡಿದಳು. ಒಂದು ಚಪ್ಪಲಿ ಇಲ್ಲೇ ಮರೆತು.