ಆ ಹನ್ನೊಂದು ನಿಮಿಷಗಳ ಎದೆಬಡಿತ ನನ್ನದು

ಮನೆಯಲ್ಲೇ ಹೃದಯ ತಪಾಸಣೆ ಯೋಜನೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಹೃದಯವನ್ನು ನೀವು ನನ್ನ ಗಂಡನ ಹೆಸರಿಗೆ ಬರೆದುಕೊಂಡಿರಿ. ಈಗ ಅದನ್ನು ಅಳಿಸಿಹಾಕಲು ಹೊರಟಿದ್ದೀರಿ. ನನ್ನ ದೂರು ಇಷ್ಟೇ. ಇಂಗ್ಲಿಷಿನಲ್ಲಿ ಮೂರು ಸಲ ಬರೆದೆ, ಮೂರು ಸಲವೂ ನಿಮ್ಮ ಕಂಪ್ಯೂಟರು ಧನ್ಯವಾದ ಹೇಳಿ ಸುಮ್ಮನಾಯಿತು. ಆದ್ದರಿಂದ ಇಲ್ಲಿನ ಕನ್ನಡಿಗರ ಪತ್ರಿಕೆಯಲ್ಲಿ, ನಾಲ್ಕು ಜನರೆದುರು, ಸಿಟ್ಟು ಸಲೀಸಾಗಿ ಬರುವ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಅನುವಾದದ ಏರ್ಪಾಡು ನಿಮ್ಮದು.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕಳೆದ ನವೆಂಬರಿನಲ್ಲಿ, ಕೋವಿಡ್‌ಗೆ ಹೆದರಿ ಯಾರೂ ಆಸ್ಪತ್ರೆಯ ಕಡೆ ತಲೆಹಾಕದಿದ್ದಾಗ, ನಿಮ್ಮ ನರ್ಸ್ ಐರ್ಲೆಂಡಿನ ಸ್ವೋರ್ಡ್ಸ್ ಊರಿನ ನಮ್ಮ ಮನೆಗೆ ಫೋನ್ ಮಾಡಿ, ಐವತ್ತು ದಾಟಿದವರ ಆರೋಗ್ಯ ವಿಚಾರಿಸಿದರು. ತುಮಕೂರಿನ ನಮ್ಮ ಮನೆಯ ಹೆಂಗಸರು ಡಾಕ್ಟರ ಮುಂದೆ ಕುಳಿತರೆ ಮೊದಲು ಗಂಡನ ಕಾಯಿಲೆ ಹೇಳುತ್ತಾರೆ, ಆಮೇಲೆ ಅತ್ತೆಯದು, ಮಕ್ಕಳದು. ತಮ್ಮದು ನೆನಪಾಗುವಷ್ಟರಲ್ಲಿ ಬಾಗಿಲ ಹತ್ತಿರ ಇರುತ್ತಾರೆ. ನಾನೂ ಹಾಗೇ ಮಾಡಿದೆ. ನನ್ನ ಗಂಡ ಬಷೀರರ ಕೊಲೆಸ್ಟರಾಲು, ಅವರು ಬಿಟ್ಟ ಸಿಗರೇಟು, ಅವರಪ್ಪನ ಹಾರ್ಟ್ ಅಟ್ಯಾಕು ಎಲ್ಲವನ್ನೂ ಬಿಡಿಸಿ ಹೇಳಿದೆ. ‘ಮತ್ತೆ ನೀವು?’ ಎಂದು ಆಕೆ ಕೇಳಿದಾಗ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಈ ಹೆಂಗಸು, ಹದಿನಾರು ವರ್ಷ ಈ ದೇಶದಲ್ಲಿ ಬಾಳಿದ ಪುಣ್ಯದಿಂದ, ‘ಐಯಾಮ್ ಗ್ರ್ಯಾಂಡ್’, ಅಂದರೆ ಚೆನ್ನಾಗಿದ್ದೇನೆ, ಎಂದುಬಿಟ್ಟಳು. ನೀವು ಅದನ್ನೇ ಬರೆದುಕೊಂಡಿರಿ. ಐರ್ಲೆಂಡಿನಲ್ಲಿ ಆ ಮಾತನ್ನು ನಂಬುವ ಕಚೇರಿ ನಿಮ್ಮದೊಂದೇ ಇರಬೇಕು.

ವಾರದೊಳಗೆ ಬಷೀರರ ಹೆಸರಿಗೆ ಡಬ್ಬಿ ಬಂತು. ಒಳಗೆ ಕೋಟಿನ ಗುಂಡಿಯಷ್ಟು ದೊಡ್ಡ ಸೆನ್ಸರು. ಎದೆಗೆ ಅಂಟಿಸಿಕೊಂಡು ಹತ್ತು ನಿಮಿಷ ಮಲಗಿದರೆ ಸಾಕು, ಹೃದಯ ಬಡಿದಾಗ ಎದೆಗೂಡು ಎಷ್ಟು ಅದುರುತ್ತದೆ, ಹೇಗೆ ಅದುರುತ್ತದೆ ಎಂದು ಅಳೆದು ಫೋನಿನ ಮೂಲಕ ನಿಮಗೆ ಕಳಿಸುತ್ತದೆ. ಅಂದಿನಿಂದ ನಮ್ಮ ಮನೆಯ ಬೆಳಗುಗಳು ಅವರ ಎದೆಯ ಸುತ್ತ ತಿರುಗಿದವು.

“ಬಾನು, ಮಿಕ್ಸಿ ಆಫ್ ಮಾಡು. ನನ್ ಎದೆ ರೆಕಾರ್ಡ್ ಆಗ್ತಾ ಐತೆ.”

“ನನ್ ಎದೇನೂ ಹೊಡ್ಕೊಳ್ತದೆ ಕಣ್ರೀ. ಅದಕ್ಕೆ ಯಾರು ಮಿಕ್ಸಿ ಆಫ್ ಮಾಡ್ತಾರೆ?”

ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ನಿಮ್ಮ ನರ್ಸ್ ದಿನವೂ ಫೋನ್ ಮಾಡಿ, ನಿದ್ದೆ ಬಂತೇ ಬಷೀರ್, ವಾಕಿಂಗ್ ಹೋದಿರಾ ಬಷೀರ್ ಎಂದು ವಿಚಾರಿಸುತ್ತಿದ್ದರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನನ್ನನ್ನು ಯಾರಾದರೂ ಹಾಗೆ ಕೇಳಿದ್ದಾರೆಯೇ? ಹೊಟ್ಟೆಕಿಚ್ಚಾಯಿತು ಮಾನ್ಯರೇ, ಮುಚ್ಚಿಡುವುದೇನು? ಅಕ್ಕಪಕ್ಕದವರ ಚಿನ್ನಕ್ಕೆ ನಾನೆಂದೂ ಕಣ್ಣು ಹಾಕಿದವಳಲ್ಲ. ಗಂಡನ ಎದೆಯ ಮೇಲಿನ ಗುಂಡಿಗೆ ಹಾಕಿದೆ. ನನಗೂ ಒಂದು ಕೊಡಿ ಎಂದು ಬಾಯಿಬಿಟ್ಟು ಕೇಳಿದೆ, ಮನೆಗೊಂದೇ ಎಂದಿರಿ. ನಮ್ಮ ಡಾಕ್ಟರು ನನ್ನ ಉಸಿರಾಟದ ಬಗ್ಗೆ ಆಸ್ಪತ್ರೆಗೆ ಬರೆದರು. ಹದಿನಾಲ್ಕು ತಿಂಗಳು ಕಾಯಬೇಕೆಂದು ಉತ್ತರ ಬಂತು. ಮಗಳು ನಿದಾ ಅದನ್ನು ಓದಿ, “ಅಮ್ಮೀ, ದಟ್ಸ್ ಡೆಸ್ಪರೇಟ್” ಎಂದಳು. ಇಲ್ಲಿ ಹುಟ್ಟಿಬೆಳೆದವರ ಬಾಯಲ್ಲಿ ಹಾಗೆಂದರೆ ತೀರಾ ಅನ್ಯಾಯ ಎಂದರ್ಥ.

ಜನವರಿಯ ಒಂದು ಬೆಳಿಗ್ಗೆ ಬಷೀರರು ಸ್ನಾನಕ್ಕೆ ಹೋದರು. ಗುಂಡಿ ಹಾಸಿಗೆಯ ಮೇಲಿತ್ತು. ಎತ್ತಿ ನನ್ನ ಎದೆಗೆ ಅಂಟಿಸಿಕೊಂಡು ಮಲಗಿದೆ. ಹನ್ನೊಂದು ನಿಮಿಷ ಯಾರೂ ಕರೆಯಲಿಲ್ಲ, ನಾನೂ ಏಳಲಿಲ್ಲ. ಕೊನೆಯಲ್ಲಿ ಫೋನು ‘ವೆಲ್ ಡನ್, ಬಷೀರ್’ ಎಂದಿತು. ಅದಕ್ಕೂ ಖುಷಿಪಟ್ಟೆ.

ಗಂಟೆಯೊಳಗೆ ನಿಮ್ಮ ನರ್ಸಿನ ಫೋನು. ಕುಳಿತುಕೊಳ್ಳಿ ಬಷೀರ್, ಇವತ್ತು ನಿಮ್ಮ ಎದೆ ಅದುರುವ ರೀತಿ ಸರಿಯಿಲ್ಲ, ಹೃದಯದ ಕವಾಟ ಸೋರುತ್ತಿರುವ ಹಾಗಿದೆ, ಗುರುವಾರವೇ ಸ್ಕ್ಯಾನಿಗೆ ಬನ್ನಿ ಎಂದರು. ಬಷೀರರ ಮುಖ ಬಿಳಿಚಿತು. ನಾನು ಮಾಡಿದ್ದನ್ನು ಹೇಳಿದೆ. ಅದನ್ನು ಕೇಳಿ ಅವರ ಮುಖ ಇನ್ನಷ್ಟು ಬಿಳಿಚಿತು.

“ಹಂಗಾದ್ರೆ ಅದು ನಿಂದಾ?” ಎಂದರು.

ಅಂದೇ ನಿಮಗೆ ಫೋನ್ ಮಾಡಿ ಅವರು ನಿಜ ಹೇಳಿದರು. ದಾಖಲೆ ಯಾರ ಹೆಸರಿಗಿದೆಯೋ ಅವರೇ ಬರಬೇಕೆಂದು ನೀವು ಹಟ ಹಿಡಿದಿರಿ. ಹೋದೆವು. ರೋಗಿಯನ್ನು ಬಿಟ್ಟು ಬೇರೆಯವರಿಗೆ ಪ್ರವೇಶವಿಲ್ಲ ಎಂದು ನನ್ನನ್ನು ಬಾಗಿಲಲ್ಲೇ ತಡೆದರು. ನೀವು ಕರೆಸಿಕೊಂಡ ಹೃದಯ ಎರಡು ಗಂಟೆ ನಿಮ್ಮ ಕಾರ್ ಪಾರ್ಕಿನಲ್ಲಿ ಮಾಸ್ಕು ಹಾಕಿಕೊಂಡು ಕಾಯಿತು. ಒಳಗೆ ಸ್ಕ್ಯಾನ್ ಮಾಡಿದ ಹೃದಯ ಕಲ್ಲಿನಂತೆ ಗಟ್ಟಿಯಾಗಿತ್ತು. ಬಷೀರರು ಹೊರಗೆ ಬಂದವರು ಕಾರಿನಲ್ಲಿ ಕುಳಿತು ಅತ್ತರು. ನಾನು ಹೊಟ್ಟೆಕಿಚ್ಚಿಗೆ ಅವರನ್ನು ಅಷ್ಟು ದಿನ ಮನಸ್ಸಿನಲ್ಲೇ ಸುಮ್ಮನೆ ಶಪಿಸಿದ್ದೆ.

ಈಗ ನಿಮ್ಮ ಪತ್ರ ಬಂದಿದೆ. ‘ನೋಂದಣಿಯಿಲ್ಲದ ವ್ಯಕ್ತಿಯ ಕಂಪನ’ವನ್ನು ಮಾರ್ಚ್ ಕೊನೆಗೆ ಅಳಿಸುತ್ತೀರಂತೆ. ನನ್ನ ಸರದಿ ಇನ್ನೂ ಹದಿಮೂರು ತಿಂಗಳ ಆಚೆ ಇದೆ. ಈಗ ಮೆಟ್ಟಿಲ ಮಧ್ಯೆ ಎರಡು ಸಲ ಕೂರುತ್ತೇನೆ. ಸೋರುವ ಕವಾಟ ಹೆಸರು ನೋಡಿ ಸೋರುತ್ತದೆಯೇ? ಬಷೀರರಿಗೆ ಗುರುವಾರವೇ ಬೇಕಾಗಿದ್ದ ಸ್ಕ್ಯಾನು ಬಾನುವಿಗೆ ಮುಂದಿನ ವರ್ಷ ಸಾಕೇ?

ಆ ಹನ್ನೊಂದು ನಿಮಿಷಗಳನ್ನು ಅಳಿಸಬೇಡಿ, ನನ್ನ ಹೆಸರಿಗೆ ಬರೆಯಿರಿ. ನನಗೂ ಒಂದು ಗುರುವಾರ ಕೊಡಿ. ಹೇಗಿದ್ದೀರಿ ಎಂದು ಇನ್ನೊಮ್ಮೆ ಕೇಳಿ, ಈ ಸಲ ನನ್ನದನ್ನೇ ಮೊದಲು ಹೇಳುತ್ತೇನೆ. ಬಷೀರರು ಕಾರಿನಲ್ಲಿ ಕೂರಲಿ.

ಇಂತಿ,
ನಿಮ್ಮ ಕಾಗದದಲ್ಲಿ ಇನ್ನೂ ಗ್ರ್ಯಾಂಡ್ ಆಗಿರುವ
ಬಾನು, ಸ್ವೋರ್ಡ್ಸ್