ಅಜ್ಜ ಕಾದ ಹನ್ನೊಂದು ನಿಮಿಷ

ರಾಜಧಾನಿಯ ಧ್ವನಿ ಭಂಡಾರದ ನಿರ್ದೇಶಕರಿಗೆ,

ಮಾನ್ಯರೇ, ನಮ್ಮ ಅಜ್ಜನ ಟೇಪಿನ ಪ್ರತಿಯಿಂದ ನೀವು ಹನ್ನೊಂದು ನಿಮಿಷ ಕತ್ತರಿಸಿ ಎಸೆದಿದ್ದೀರಿ. ತಿಂಗಳ ಕೊನೆಗೆ ಮೂಲ ಟೇಪನ್ನೂ ನಾಶ ಮಾಡುತ್ತೀರಂತೆ. ಅದಕ್ಕೆ ಮುಂಚೆ ಇದನ್ನು ಓದುವ ದೊಡ್ಡ ಮನಸ್ಸು ಮಾಡಿ.

ನಾನು ಕಾಕೆತಾ ನದಿ ದಂಡೆಯ ನೊನುಯಾ ಜನದವನು, ಶಾಲೆ ಮೇಷ್ಟ್ರು. ಕಾಡಿನ ರಬ್ಬರಿಗಾಗಿ ನಮ್ಮವರನ್ನು ಹೊಡೆದು ದುಡಿಸಿ ಕೊಂದ ವ್ಯಾಪಾರಿಗಳ ಚಾಟಿಯಿಂದ ತಪ್ಪಿಸಿಕೊಂಡು ಉಳಿದವರ ಮೊಮ್ಮಕ್ಕಳು ನಾವು. ನಮ್ಮ ಮಾತನ್ನು ಪೂರ್ತಿ ಬಲ್ಲ ಕೊನೆಯವರು, ಈಗ ತೀರಿಹೋಗಿರುವ ಅಜ್ಜ ಫಾಬ್ರಿಸಿಯೊ. ದವಡೆಗೆ ಕೋಕಾ ಎಲೆಯ ಪುಡಿ ಇಟ್ಟುಕೊಂಡು ಹಿರಿಯರು ಮಾತಿಗೆ ಕೂತರೆ, ಎದುರಿಗಿದ್ದವನು ಸಾಲು ಸಾಲಿಗೂ ಉತ್ತರ ಕೊಡಬೇಕು. ಇಲ್ಲದಿದ್ದರೆ ಅದು ನಮ್ಮಲ್ಲಿ ಮಾತೇ ಅಲ್ಲ. ಟೇಪು ಮಾಡಿದ ದಿನ ಉತ್ತರ ಕೊಡುವವರು ಯಾರೂ ಊರಲ್ಲಿರಲಿಲ್ಲ. ಅಜ್ಜ ಒಬ್ಬರೇ ಹೇಳಿದರು. ಪ್ರತಿ ಸಾಲಿನ ಕೊನೆಗೂ ಸುಮ್ಮನಾಗಿ, ಉತ್ತರಕ್ಕೆ ಬೇಕಾದಷ್ಟು ಹೊತ್ತು ಕಾದರು.

ನೀವು ಆ ಕಾದ ಹೊತ್ತನ್ನೆಲ್ಲ "ಅನುಪಯುಕ್ತ ಖಾಲಿ ಭಾಗ" ಎಂದು ತೆಗೆದು, ಶುದ್ಧೀಕರಿಸಿದ ಪ್ರತಿ ಕಳಿಸಿದಿರಿ. ಎಂಥ ಶ್ರದ್ಧೆ! ದೊಡ್ಡಪ್ಪ ಎಲಿಸೆಯೊ ಅವರಿಗೆ ಅದನ್ನು ಕೇಳಿಸಿದೆ. ಚಿಕ್ಕಂದಿನಲ್ಲಿ ಅಜ್ಜನ ಎದುರು ಕೂತು ಉತ್ತರ ಕೊಡುತ್ತಿದ್ದವರು ಅವರೇ. ಈಗ ಎಂಬತ್ತಾರು. ಮಾತೆಲ್ಲ ಮರೆತಿದೆ ಎನ್ನುತ್ತಿದ್ದವರ ಬಾಯಲ್ಲಿ, ಅಜ್ಜನ ಮೊದಲ ಸಾಲು ಮುಗಿದದ್ದೇ ತಡ, ನಾನು ಎಂದೂ ಕೇಳದ ಎರಡು ಪದ ಬಂದವು. ಮೂರನೆಯ ಪದ ಬರುವಷ್ಟರಲ್ಲಿ ಅಜ್ಜ ನಾಲ್ಕು ಸಾಲು ಮುಂದಿದ್ದರು.

"ನಿಲ್ಲಿಸೋ! ಅಪ್ಪ ಯಾಕೋ ಹೀಗೆ ಓಡ್ತಾ ಇದಾನೆ? ಹಿಂದೆ ಹುಲಿ ಬಿದ್ದಿದ್ಯಾ?"

ಗುಂಡಿ ಒತ್ತಿದೆ. "ನಿಲ್ಲಿಸಿದೀನಿ, ಈಗ ಹೇಳಿ ದೊಡ್ಡಪ್ಪ."

"ನೀನು ನಿಲ್ಲಿಸಿದ್ರೆ ಏನ್ ಬಂತೋ? ಎಲ್ಲಿ, ಎಷ್ಟು ಹೊತ್ತು ಅಂತ ನಿಂಗೇನ್ ಗೊತ್ತು? ಅಪ್ಪ ಕಾಯ್ಬೇಕು ಕಣೋ. ಅವನು ಕಾದ್ರೆ ನಂಗೆ ತಾನಾಗೇ ಬರುತ್ತೆ."

ಮೂಲ ಟೇಪು ಕೊಡಿ ಎಂದು ಬೇಡಿದೆ. ನಿಮ್ಮ ಉತ್ತರ ಬಂತು: "ಸದರಿ ಭಾಷೆಯು ನಿರ್ನಾಮವಾಗಿರುವುದರಿಂದ ಪ್ರತಿಕ್ರಿಯಿಸುವವರು ಇರುವ ಸಂಭವವಿಲ್ಲ." ಹಾಗಾದರೆ ಇಲ್ಲಿ ಬಾಯಿ ತೆರೆದುಕೊಂಡು ಚಡಪಡಿಸುತ್ತಿರುವ ಮುದುಕ ಯಾರು, ಮಾನ್ಯರೇ? ಅರ್ಧ ಭಾಷೆ ನಿಮ್ಮ ಕಪಾಟಿನಲ್ಲಿದೆ, ಇನ್ನರ್ಧ ಇವರ ನಾಲಗೆಯಲ್ಲಿದೆ. ನಿರ್ನಾಮ ಎಂದು ಬರೆದವರು ಒಮ್ಮೆಯಾದರೂ ನದಿ ದಾಟಿ ಬಂದು ಕೇಳಿದ್ದರೇ?

ನಾಶದ ಆದೇಶ ಇಂದೇ ನಿಲ್ಲಿಸಿ. ಕತ್ತರಿಸದ ಟೇಪನ್ನು ದೋಣಿ ಹತ್ತಿಸಿ ಕಳಿಸಿ. ದೊಡ್ಡಪ್ಪನ ಎದೆಯಲ್ಲಿ ನೀರು ತುಂಬುತ್ತಿದೆ, ನರ್ಸಮ್ಮ ವಾರಗಳ ಲೆಕ್ಕ ಹೇಳುತ್ತಿದ್ದಾರೆ. ಈ ಪತ್ರ ಬರೆಯುವಾಗಲೂ ಅವರು ಪಕ್ಕದಲ್ಲೇ ಕೂತು ಅವಸರಿಸುತ್ತಿದ್ದಾರೆ: "ಬೇಗ ಬರೆಯೋ. ನಾನು ಹೋದ್ಮೇಲೆ ಟೇಪು ಬಂದ್ರೆ, ಅಪ್ಪ ಸುಮ್ನೆ ಕಾಯ್ತಾನೇ ಇರ್ತಾನೆ."

ಇಂತಿ,
ನಿಮ್ಮ ಕಡತದಲ್ಲಿ ಇಲ್ಲವಾದ ಭಾಷೆಯ, ಇನ್ನೂ ಇರುವ ಮೇಷ್ಟ್ರು
ಲಿಸಾರ್ದೊ