ದಾಟಿಸಿದ ಹದಿನಾಲ್ಕು ನಿಮಿಷ

ಜೂನ್ 1, ಸೋಮವಾರ. ಬೆಳಿಗ್ಗೆ 6.20

ನಡಿಗೆ ಮುಗಿಯಿತು. ಮೊಣಕಾಲು ತಕರಾರು ಮಾಡಲಿಲ್ಲ. ದಿನಪತ್ರಿಕೆಯಲ್ಲಿ ಮೂರು ಅಚ್ಚಿನ ತಪ್ಪು — ನಿನ್ನೆಗಿಂತ ಒಂದು ಕಡಿಮೆ.

ಶನಿವಾರದ ಚಿತ್ರಕ್ಕೆ ಟಿಪ್ಪಣಿ ಸಿದ್ಧವಾಗಬೇಕು. ಚರ್ಚ್ ಹಾಲಿನಲ್ಲಿ ಹದಿನೈದು ದಿನಕ್ಕೊಂದು ಸಿನಿಮಾ ತೋರಿಸುವುದು ಫಾದರ್ ಅವರ ಯೋಜನೆ. ಧಾರ್ಮಿಕ ಚಿತ್ರವಲ್ಲ, ಜನ ಟಿಕೆಟ್ ಕೊಂಡು ನೋಡುವಂಥದ್ದೇ. ಅದರೊಳಗೆ ನಮ್ಮ ವಿಶ್ವಾಸದ ಎಳೆ ಹುಡುಕಬೇಕು. ಹುಡುಕುವ ಕೆಲಸ ನನ್ನದು. ತ್ಯಾಗ ಎಲ್ಲಿದೆ, ಕ್ಷಮೆ ಎಲ್ಲಿದೆ, ಸತ್ತವನು ಎದ್ದುಬರುವುದು ಎಲ್ಲಿ — ಒಂದು ಪುಟ ಮೀರದಂತೆ. ಜೊತೆಗೆ ಪ್ರೊಜೆಕ್ಟರ್ ಆಪರೇಟರಿಗೆ, ತೋರಿಸದೆ ದಾಟಿಸುವ ಪಟ್ಟಿ: ಹಾಲಿಗೆ ಒಗ್ಗದ ಭಾಗಗಳು, ಎಷ್ಟನೆಯ ನಿಮಿಷದಿಂದ ಎಷ್ಟನೆಯದರವರೆಗೆ. ಆಪರೇಟರ್ ನನ್ನ ಹಳೆಯ ವಿದ್ಯಾರ್ಥಿ, ಈಗ ಎಲೆಕ್ಟ್ರಿಕಲ್ ಅಂಗಡಿಯ ಯಜಮಾನ. ತರಗತಿಯಲ್ಲಿ 'ಬಲ್ಬು' ಎನ್ನುತ್ತಿದ್ದರು. ನಾನು ಈಗಲೂ ಹಾಗೆಯೇ ಕರೆಯುವುದು.

ಈ ಸಲದ ಚಿತ್ರವನ್ನು ಸೂಚಿಸಿದವಳು ನನ್ನ ಹೆಂಡತಿ. ಎಂದೂ ಇಲ್ಲದ್ದು. ಕಾರಣ ಕೇಳಿದೆ.

"ಚೆನ್ನಾಗಿದೆಯಂತೆ."

ಹೇಳಿದವರು ಯಾರು? ಕೇಳುವಷ್ಟರಲ್ಲಿ ಕಾಫಿ ಲೋಟ ಎತ್ತಿಕೊಂಡು ಹೋದಳು.

ಜೂನ್ 3, ಬುಧವಾರ. ಸಂಜೆ 5

ಚಿತ್ರ ನೋಡಿದೆ. ಪೊಲೀಸರಿಂದ ತಪ್ಪಿಸಿಕೊಂಡು ಓಡುವ ಒಬ್ಬ ಕಳ್ಳ. ಕೊನೆಗೆ ಗಿರಣಿಗೆ ಬೆಂಕಿ ಬೀಳುತ್ತದೆ. ದೂರ ಹೋಗಿದ್ದವನು ಹಿಂದಿರುಗುತ್ತಾನೆ. ಕುಸಿಯುವ ಬಾಗಿಲಿನಲ್ಲಿ ಎರಡೂ ತೋಳು ಚಾಚಿ ನಿಂತು ಭಾರ ಹೊರುತ್ತಾನೆ. ತೋಳಿನಡಿ ಕೂಲಿಯವರು ನುಸುಳಿ ಪಾರಾಗುತ್ತಾರೆ. ಅವನು ಉಳಿಯುವುದಿಲ್ಲ. ಶಿಲುಬೆಯೇ ಸರಿ. ಎರಡು ಸಲ ಅಡಿಗೆರೆ ಎಳೆದೆ.

ದಾಟಿಸುವುದು: 47ರಿಂದ 61. ಮದ್ಯದಂಗಡಿ. ಬಾಟಲಿಗಳ ಸಾಲು ಕಂಡದ್ದೇ ತಡ, ರಿಮೋಟ್ ಒತ್ತಿ ಮುಂದೋಡಿಸಿದೆ.

ಪಕ್ಕದಲ್ಲಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದವಳು ತಲೆಯೆತ್ತಿದಳು. "ಅಲ್ಯಾಕ್ರೀ ಓಡಿಸ್ತೀರಾ? ಬಿಡಿ, ನೋಡೋಣ."

"ಕುಡಿಯುವ ಜಾಗದಲ್ಲಿ ಹುಡುಕುವಂಥದ್ದು ಏನಿದ್ದೀತು?"

ಏನೋ ಹೇಳಹೊರಟಳು. ದಾರವನ್ನು ಹಲ್ಲಿನಿಂದ ಕಡಿದು ಒಳಗೆ ಹೋದಳು.

ಆ ಅಂಗಿ ನನ್ನದಲ್ಲ. ಯಾರದೆಂದು ಕೇಳುವುದಿಲ್ಲ. ನಾನು ಕೊಡಿಸಿದ ಶಿಕ್ಷಕನ ಕೆಲಸ ಬಿಟ್ಟು ಮಗ ಸಿನಿಮಾದಲ್ಲಿ ಚಿಲ್ಲರೆ ಪಾತ್ರ ಮಾಡಲು ಹೋಗಿ ಆರು ವರ್ಷ. ಮುಖಕ್ಕೆ ಬಣ್ಣ ಬಳಿದುಕೊಳ್ಳುವವನಿಗೆ ಈ ಮೇಜಿನಲ್ಲಿ ಜಾಗವಿಲ್ಲ ಎಂದಿದ್ದೆ. ತಟ್ಟೆ ತೊಳೆದಿಟ್ಟು ಹೋದ. ಅವನ ಯಾವ ಚಿತ್ರವನ್ನೂ ನೋಡಿಲ್ಲ; ಹೆಸರನ್ನೂ ಕೇಳಿಲ್ಲ. ಇವಳು ತಿಂಗಳಿಗೊಮ್ಮೆ ಬಸ್ ನಿಲ್ದಾಣದಲ್ಲಿ ಅವನನ್ನು ಕಾಣುತ್ತಾಳೆ. ನನಗೆ ಗೊತ್ತಿದೆಯೆಂಬುದು ಅವಳಿಗೂ ಗೊತ್ತು.

ಮೂರನೆಯ ಕುರ್ಚಿಯ ಮೇಲೆ ಹಳೆಯ ಪತ್ರಿಕೆಗಳ ಕಟ್ಟು ಇಟ್ಟಿದ್ದೇನೆ. ಖಾಲಿ ಕಾಣಬಾರದೆಂದು.

ಜೂನ್ 7, ಭಾನುವಾರ. ಮಧ್ಯಾಹ್ನ

ನಿನ್ನೆಯ ಕಾರ್ಯಕ್ರಮ ಚೆನ್ನಾಗಿ ನಡೆಯಿತು. ಅರುವತ್ತೆರಡು ಜನ. ಬಲ್ಬು ಪಟ್ಟಿಯಂತೆಯೇ ನಡೆದುಕೊಂಡ.

ಒಂದು ಅಡಚಣೆ. ಮದ್ಯದಂಗಡಿಯ ಭಾಗ ದಾಟಿ ಐದು ನಿಮಿಷವಾಗಿರಬೇಕು, ಕೊನೆಯ ಸಾಲಿನಲ್ಲಿ ಟೋಪಿ ಹಾಕಿದ್ದ ಗಡ್ಡದವನೊಬ್ಬ ಎದ್ದ. ಅರೆಗತ್ತಲು, ಮುಖ ಕಾಣಲಿಲ್ಲ. "ಹೋಗುವವರು ಬಾಗಿಲನ್ನು ಸದ್ದಾಗದಂತೆ ಮುಚ್ಚಿ" ಎಂದೆ, ಕೂತಲ್ಲಿಂದಲೇ. ಒಂದು ಕ್ಷಣ ನಿಂತ. ಆಮೇಲೆ ಹಿಡಿಯನ್ನು ತಿರುಗಿಸಿ, ಬಾಗಿಲನ್ನು ಚೌಕಟ್ಟಿಗೆ ಸೇರಿಸಿ, ಮೆಲ್ಲಗೆ ಬಿಟ್ಟ. ಸದ್ದೇ ಇಲ್ಲ. ಇಂಥ ಶಿಸ್ತಿನವರು ಇನ್ನೂ ಇದ್ದಾರಲ್ಲ ಎಂದುಕೊಂಡೆ.

ಚರ್ಚೆಯಲ್ಲಿ ನಮ್ಮ ಬೀದಿಯ ಟೈಲರ್ ಅಂಗಡಿಯ ಹೊಲಿಗೆಯಮ್ಮ ಎದ್ದು ನಿಂತರು. "ಅಲ್ಲ ಮೇಷ್ಟ್ರೇ, ಅಷ್ಟು ಹೊತ್ತೂ ತನ್ನ ಜೀವ ಉಳಿದ್ರೆ ಸಾಕು ಅಂತ ಓಡ್ತಿದ್ದೋನು, ಇದ್ದಕ್ಕಿದ್ದ ಹಾಗೆ ಬೇರೆಯವರಿಗೋಸ್ಕರ ಬೆಂಕಿಗೆ ನುಗ್ಗಿದ್ನಲ್ಲ, ಅವನಿಗೆ ಏನಾಯ್ತು?"

"ಕೃಪೆ ಕಾರಣ ಹೇಳಿ ಬರುವುದಿಲ್ಲ" ಎಂದೆ. ಚಪ್ಪಾಳೆ. ವಾಕ್ಯ ನನಗೂ ಹಿಡಿಸಿತು.

ಇವಳು ಚಪ್ಪಾಳೆ ತಟ್ಟಲಿಲ್ಲ. ಇವತ್ತು ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದೆ.

"ದಾಟಿಸಿಬಿಡಿ" ಎಂದಳು.

ಜೂನ್ 8, ಸೋಮವಾರ. ಬೆಳಿಗ್ಗೆ 11

ಪೆನ್‌ಡ್ರೈವ್ ತರಲು ಬಲ್ಬಿನ ಅಂಗಡಿಗೆ ಹೋಗಿದ್ದೆ. ಸ್ಟೂಲನ್ನು ಎರಡು ಸಲ ಒರೆಸಿ ಕೂರಿಸಿದ. ತಪ್ಪು ಮಾಡಿದಾಗಲೂ ಹೀಗೆಯೇ ಡೆಸ್ಕ್ ಒರೆಸುತ್ತಿದ್ದ.

"ಸಾರ್, ಒಂದ್ ಮಾತು. ಬೈಬಾರ್ದು."

"ಬೈಯುವಂಥದ್ದಾದರೆ ಬೈಯುತ್ತೇನೆ. ಹೇಳು."

"ಆ ಹದಿನಾಲ್ಕು ನಿಮಿಷ ನೀವು ನೋಡಿದ್ರಾ?"

ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡೆ.

"ಅದ್ರಲ್ಲಿ ನಿಮ್ಮ ಮಗ ಇದ್ದಾನೆ ಸಾರ್. ಮೊನ್ನೆ ಹಿಂದೆ ಕೂತಿದ್ದೋನೂ ಅವನೇ. ಅಮ್ಮನೇ ಬರಕ್ಕೆ ಹೇಳಿದ್ರಂತೆ — ಅಪ್ಪ ನೋಡ್ತಾರೆ, ನೀನೂ ಬಂದು ನೋಡು ಅಂತ."

"ಗೊತ್ತಿದ್ದೂ ದಾಟಿಸಿದೆಯಾ?"

"ನೀವು ಬರ್ಕೊಟ್ಟಿದ್ದು ಸಾರ್. ನಿಮ್ಮ ಪಟ್ಟಿ ಮೀರೋ ಧೈರ್ಯ ಏಳನೇ ಕ್ಲಾಸಲ್ಲೂ ಇರ್ಲಿಲ್ಲ, ಈಗ ಎಲ್ಲಿಂದ ತರ್ಲಿ?"

ಬೈಯುವಂಥದ್ದೇನೂ ಸಿಗಲಿಲ್ಲ.

ಅದೇ ದಿನ. ಮಧ್ಯಾಹ್ನ 3

ನೋಡಿದೆ. ಇವಳು ಪಕ್ಕದಲ್ಲಿ.

ಕಳ್ಳ ಒದ್ದೆಯಾಗಿ ಒಳಗೆ ಬರುತ್ತಾನೆ. ಎಲ್ಲರೂ ಮುಖ ತಿರುಗಿಸುತ್ತಾರೆ. ಮಾಣಿಯೊಬ್ಬ — ಗಡ್ಡ, ಏಪ್ರನ್ — ಬಂದು ಮೇಜು ಒರೆಸುತ್ತಾನೆ. ಯಾರು, ಎತ್ತ ಎಂದು ಕೇಳುವುದಿಲ್ಲ. ತಟ್ಟೆ ಇಡುತ್ತಾನೆ, ನೀರು ಇಡುತ್ತಾನೆ. ಹೊರಗೆ ಜೀಪು ನಿಂತ ಸದ್ದು. ಮಾಣಿ ತನ್ನ ಏಪ್ರನ್ ಬಿಚ್ಚಿ ಅವನಿಗೆ ಕಟ್ಟಿ, ಅವನ ಒದ್ದೆ ಕೋಟನ್ನು ತಾನು ತೊಟ್ಟು, ಅದೇ ಕುರ್ಚಿಯಲ್ಲಿ ಕೂರುತ್ತಾನೆ. ಇದ್ದದ್ದು ಒಂದೇ ಮಾತು: "ಹಿಂದಿನಿಂದ ಹೋಗಿ. ಬಾಗಿಲು ಸದ್ದಾಗದಂತೆ ಮುಚ್ಚಿ."

ಪೊಲೀಸರು ಕೋಟು ನೋಡಿ ಇವನನ್ನೇ ಹಿಡಿಯುತ್ತಾರೆ. ಹೊಡೆಯುತ್ತಾರೆ. ಬಾಯಿ ಬಿಡುವುದಿಲ್ಲ. ಕಿಟಕಿಯಾಚೆ ನಿಂತು ಕಳ್ಳ ಎಲ್ಲವನ್ನೂ ನೋಡುತ್ತಾನೆ.

ಹೊಲಿಗೆಯಮ್ಮನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಕೃಪೆಗೆ ಕಾರಣವೂ ಇತ್ತು, ಗಡ್ಡವೂ ಇತ್ತು. ಹಸಿದವನಿಗೆ ಬಡಿಸಿದ್ದು, ಇನ್ನೊಬ್ಬನ ಪಾಲಿನ ಪೆಟ್ಟು ತಾನು ತಿಂದದ್ದು — ಇದನ್ನು ಕತ್ತರಿಸಿ ಎಸೆದು, ಉಳಿದದ್ದರಲ್ಲಿ ಕ್ರಿಸ್ತನನ್ನು ಹುಡುಕಿ ಅಡಿಗೆರೆ ಎಳೆದಿದ್ದೆ.

"ಆ ಬಾಗಿಲಿನ ಮಾತು ಸ್ಕ್ರಿಪ್ಟಲ್ಲಿ ಬರೆದಿರ್ಲಿಲ್ವಂತೆ" ಎಂದಳು. "ಇವನೇ ಸೇರಿಸಿದ್ದು. 'ನಮ್ಮನೇಲಿ ದಿನಾ ಕೇಳ್ತಿದ್ದ ಮಾತಲ್ವೇನಮ್ಮಾ' ಅಂದ."

ಮೂವತ್ತನಾಲ್ಕು ವರ್ಷ ಪಾಠ ಹೇಳಿದೆ. ಓದದೆ ಅಂಕ ಹಾಕಿದ ಉತ್ತರಪತ್ರಿಕೆ ಒಂದೂ ಇಲ್ಲ ಎಂದು ಹೇಳಿಕೊಂಡು ತಿರುಗಿದವನು.

ಮತ್ತೊಮ್ಮೆ ಹಾಕು ಎಂದೆ.

ಜೂನ್ 17, ಬುಧವಾರ. ಬೆಳಿಗ್ಗೆ 10

ಇಷ್ಟು ದಿನ ಇಲ್ಲಿ ಬರೆಯಲಿಲ್ಲ. ಪತ್ರ ಬರೆದೆ — ಹರಿದೆ — ಬರೆದೆ. ಮೊದಲನೆಯದು ಆರು ಪುಟ. ಅದರಲ್ಲಿ ಐದು ಪುಟ ನನ್ನ ಸಮರ್ಥನೆ.

ಫಾದರ್ ಅವರನ್ನು ಕಂಡೆ. ಶನಿವಾರ ಅದೇ ಚಿತ್ರ ಮತ್ತೆ ಬೇಕು, ಪೂರ್ತಿ ಬೇಕು, ಮೊದಲು ನನ್ನ ತಿದ್ದುಪಡಿ ಓದಬೇಕು ಎಂದೆ.

"ಬಿಡಿ ಮೇಷ್ಟ್ರೇ, ಜನ ಮರೆತೇ ಹೋಗಿದ್ದಾರೆ."

"ಒಬ್ಬ ಮರೆತಿರುವುದಿಲ್ಲ, ಫಾದರ್."

ಮೇಜಿನ ಖಾನೆ ಎಳೆದರು. "ಹಾಲಿನ ಬೀಗದ ಕೈ ನೀವೇ ಇಟ್ಕೊಳ್ಳಿ" ಎಂದರು.

ಪತ್ರ ಕೊನೆಗೆ ನಾಲ್ಕು ಸಾಲಿಗೆ ಇಳಿಯಿತು: 'ನಿನ್ನ ಉತ್ತರಪತ್ರಿಕೆಯನ್ನು ಓದದೆ ಸೊನ್ನೆ ಕೊಟ್ಟೆ. ತಪ್ಪು ನನ್ನದು. ಶನಿವಾರ ಆರು ಗಂಟೆಗೆ ಚಿತ್ರವನ್ನು ಪೂರ್ತಿ ತೋರಿಸುತ್ತೇವೆ. ಬಾ.'

ಇವಳ ಕೈಗೆ ಕೊಟ್ಟೆ. "ಲಕೋಟೆ ಅಂಟಿಸಿಲ್ಲ. ಓದಲಾ?" ಎಂದಳು.

"ಓದು."

ಓದಿದಳು. ಸೆರಗಿನಿಂದ ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು. "'ಬಾ' ಅನ್ನೋದನ್ನ ಮೊದಲು ಬರೀಬೇಕಿತ್ತು ರೀ."

ಅವಳು ಹೇಳಿದ್ದು ಸರಿ. ಅಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು. ತಿದ್ದಲು ಬಿಡಲಿಲ್ಲ.

ಪತ್ರಿಕೆಗಳ ಕಟ್ಟನ್ನು ಕುರ್ಚಿಯಿಂದ ಇಳಿಸಿದೆ. ಅಡಿಯಲ್ಲಿ ಆರು ವರ್ಷದ ಧೂಳು. ಒರೆಸಿದೆ.

ಜೂನ್ 20, ಶನಿವಾರ. ಸಂಜೆ 5.50. ಹಾಲಿನಲ್ಲಿ

ಕೊನೆಯ ಸಾಲಿನಲ್ಲಿ ಕೂತು ಬರೆಯುತ್ತಿದ್ದೇನೆ. ದಾಟಿಸುವ ಪಟ್ಟಿ ಇಲ್ಲ. "ಏನೂ ಇಲ್ವಾ ಸಾರ್?" ಎಂದು ಬಲ್ಬು ಮೂರು ಸಲ ಕೇಳಿದ. ಖಾಲಿ ಹಾಳೆಯನ್ನೇ ಕೊಟ್ಟೆ. ಅದನ್ನೂ ಮಡಚಿ ಜೇಬಿನಲ್ಲಿಟ್ಟುಕೊಂಡ.

5.58. ಜನ ಬರುತ್ತಿದ್ದಾರೆ. ಪತ್ರಕ್ಕೆ ಉತ್ತರ ಬಂದಿಲ್ಲ. ತೆಗೆದುಕೊಂಡನಂತೆ, ಅಲ್ಲಿ ಓದಲಿಲ್ಲವಂತೆ.

6.04. ಫಾದರ್ ಗಡಿಯಾರ ನೋಡಿದರು. ಇನ್ನೈದು ನಿಮಿಷ ಎಂದು ಕೈಯೆತ್ತಿ ತೋರಿಸಿದೆ. ಸಮಯ ಮೀರಿದವರಿಗಾಗಿ ಕಾದದ್ದು ನನ್ನ ಸರ್ವಿಸ್ಸಿನಲ್ಲೇ ಇಲ್ಲ. ಹೊಲಿಗೆಯಮ್ಮ ಬಾಗಿಲು ಮುಚ್ಚಲು ಎದ್ದರು. ತೆರೆದೇ ಇರಲಿ ಎಂದೆ.

6.09. ಮೆಟ್ಟಿಲ ಮೇಲೆ ಹೆಜ್ಜೆ. ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತುವವನ ಹೆಜ್ಜೆ — ಹಾಗೆ ಹತ್ತಬೇಡವೆಂದು ಎಷ್ಟು ಸಲ ಗದರಿದ್ದೆ. ಇವಳು ತಿರುಗಿ ನೋಡುತ್ತಿಲ್ಲ. ಪಕ್ಕದ ಕುರ್ಚಿಯಿಂದ ಬ್ಯಾಗ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಹೆಜ್ಜೆ ಬಾಗಿಲಾಚೆ ನಿಂತಿತು. ಒಳಗೆ ಬರುತ್ತಿಲ್ಲ. ಕರೆಯಲಿ ಎಂದು ನಿಂತಿರಬೇಕು. ಈ ಸಲ ಮೊದಲನೆಯ ಪದ ನನ್ನದೇ: 'ಬಾ'. ಪೆನ್ನು ಮುಚ್ಚಿ ಏಳುತ್ತೇನೆ.